ದಂತಕ್ಕೆ ಒಪ್ಪಿಸಿದ ನೆನಪು

ಸತ್ತವರನ್ನು ನೆನಪಿನಲ್ಲಿಡಲು ಕನ್ನಡಿಗರು ನಂಬಿದ್ದು ಕಲ್ಲನ್ನು. ವೀರಗಲ್ಲು, ಮಾಸ್ತಿಗಲ್ಲು, ನಿಸಿಧಿಗಲ್ಲು ಎಂದು ಹೆಸರಿನಲ್ಲೇ ಕಲ್ಲು ಕೂತಿದೆ. ಶಾಸನ ಎಂದ ಕೂಡಲೆ ನಮ್ಮ ಬಿ.ಎ. ತರಗತಿಯ ಕಣ್ಣಮುಂದೆ ನಿಲ್ಲುವುದು ಹೊಲದ ಬದುವಿನಲ್ಲೋ ಕೆರೆ ಏರಿಯ ಮೇಲೋ ಓರೆಯಾಗಿ ನಿಂತ ಒಂದು ಚಪ್ಪಡಿ. ಹೆಚ್ಚೆಂದರೆ ತಾಮ್ರದ ಒಂದು ಪಟ. ಆನೆಯ ದಂತದಲ್ಲಿ ಒಬ್ಬರ ಸ್ಮಾರಕವನ್ನು ಕೆತ್ತಿಡುವುದು ನಮಗೆ ಸುಲಭವಾಗಿ ಹೊಳೆಯುವ ವಿಚಾರವಲ್ಲ. ದಂತ ಅಂದ್ರೆ ನಮಗೆ ಬಾಚಣಿಗೆ, ಕುಂಕುಮದ ಭರಣಿ, ಚದುರಂಗದ ಕಾಯಿ, ಅರಮನೆ ಬಾಗಿಲಿನ ಅಲಂಕಾರ. ಸಿಂಗಾರದ ಸಾಮಾನು, ನೆನಪಿನ ಸಾಮಾನಲ್ಲ.

ಬೇರೆ ಕಡೆ ಹಾಗಿರಲಿಲ್ಲ. ಈ ಲೇಖನದಲ್ಲಿ ಎರಡು ನಾಡುಗಳ ದಂತವನ್ನು ನೋಡೋಣ: ಒಂದು, ಐದು-ಆರನೆಯ ಶತಮಾನಗಳ ರೋಮನ್ ಸಾಮ್ರಾಜ್ಯ, ಇನ್ನೊಂದು, ಅದಕ್ಕೆ ಸಾವಿರ ವರ್ಷಗಳ ನಂತರದ ಪಶ್ಚಿಮ ಆಫ್ರಿಕದ ಬೆನಿನ್ ರಾಜ್ಯ. ಎರಡಕ್ಕೂ ಪರಸ್ಪರ ಸಂಬಂಧವಿಲ್ಲ. ಆದರೂ ಎರಡನ್ನೂ ಒಟ್ಟಿಗೆ ಇಟ್ಟು ನಾನು ಕೇಳಬೇಕೆಂದಿರುವ ಪ್ರಶ್ನೆ ಒಂದೇ. ದಂತ ಉಳಿದುಕೊಂಡಿತು, ನಿಜ. ಆದರೆ ಯಾರ ನೆನಪನ್ನು ಉಳಿಸಿತು? ಕೆತ್ತಿಸಿದವನು ಬಯಸಿದ ನೆನಪನ್ನೇ ಉಳಿಸಿತೆ?

ಮೊದಲು ವಸ್ತುವಿನ ವಿಚಾರ. ಆಡುಮಾತಿನಲ್ಲಿ ‘ಆನೆ ಕೊಂಬು’ ಎನ್ನುವುದುಂಟು. ಅದು ಕೊಂಬಲ್ಲ, ಹಲ್ಲು. ಆನೆಯ ಮೇಲ್ದವಡೆಯ ಎರಡು ಬಾಚಿಹಲ್ಲುಗಳು ಹೊರಗೆ ಚಾಚಿಕೊಂಡು, ಪ್ರಾಣಿ ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಹೋಗುತ್ತವೆ. ಅದರ ಸುಮಾರು ಮೂರನೇ ಒಂದು ಭಾಗ ತಲೆಬುರುಡೆಯ ಒಳಗಿರುತ್ತದೆ. ಆ ಬುಡದ ಭಾಗ ಪೊಳ್ಳು, ಒಳಗೆ ರಕ್ತನಾಳಗಳಿರುವ ಮೆತ್ತನೆಯ ತಿರುಳು. ಆದ್ದರಿಂದ ದಂತವನ್ನು ಪೂರ್ತಿಯಾಗಿ ತೆಗೆಯಬೇಕೆಂದರೆ ಆನೆ ಸತ್ತಿರಬೇಕು. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಕಲೆಯ ಪುಸ್ತಕಗಳಲ್ಲಿ ಇದು ಸಾಮಾನ್ಯವಾಗಿ ಬರುವುದಿಲ್ಲ.

ಸುಣ್ಣದ ಜಾತಿಯ ಖನಿಜವೂ ಕೊಲಾಜನ್ ಎಂಬ ನಾರೂ ಹೆಣೆದುಕೊಂಡು ಆದ ವಸ್ತು ಇದು. ಮರದ ಹಾಗೆ ಎಳೆ ಹಿಡಿದು ಸೀಳುವುದಿಲ್ಲ, ಕಲ್ಲಿನ ಹಾಗೆ ಚಕ್ಕೆ ಏಳುವುದಿಲ್ಲ. ಉಳಿ ಎತ್ತ ಹೋದರೆ ಅತ್ತ ಬರುತ್ತದೆ, ಕೂದಲೆಳೆಯಂಥ ಗೆರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ದಂತವನ್ನು ಅಡ್ಡಕ್ಕೆ ಕೊಯ್ದರೆ ಒಂದನ್ನೊಂದು ಹಾಯುವ ಸಣ್ಣ ಗೆರೆಗಳ ಬಲೆ ಕಾಣುತ್ತದೆ. ಉದ್ದಕ್ಕೆ ಕೊಯ್ದರೆ ನೀರಿನ ಅಲೆಯಂಥ ತೆಳುವಾದ ಎಳೆ. ಉಜ್ಜಿದರೆ ಒಳಗಿನಿಂದಲೇ ಬಂದಂಥ ಹೊಳಪು. ಹವೆ ತೀರ ಒಣಗಿದರೆ ಮಾತ್ರ ಬಿರುಕು ಬಿಡುತ್ತದೆ.

ಇದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಚಿನ್ನದ ವಿಗ್ರಹವನ್ನು ಕದ್ದವನು ಕರಗಿಸುತ್ತಾನೆ. ಕಂಚಿನ ಮೂರ್ತಿ ಫಿರಂಗಿಯಾಗುತ್ತದೆ. ಅಮೃತಶಿಲೆಯನ್ನು ಸುಟ್ಟರೆ ಸುಣ್ಣ. ರೋಮ್ ನಗರದ ಎಷ್ಟೋ ಶಿಲ್ಪಗಳು ಹೀಗೆ ಸುಣ್ಣದ ಗೂಡಿಗೆ ಹೋದವು. ದಂತವನ್ನು ಕರಗಿಸಲು ಬರುವುದಿಲ್ಲ, ಸುಟ್ಟರೆ ಬೂದಿಯಾದೀತೇ ಹೊರತು ಇನ್ನೊಂದು ಸಾಮಾನಾಗದು. ಹಾಗಾಗಿ ಅದು ಸಿಕ್ಕಿದವನಿಗೆ ಇರುವ ದಾರಿಗಳು ಎರಡೇ: ಇದ್ದಂತೆಯೇ ಇಟ್ಟುಕೊಳ್ಳುವುದು, ಇಲ್ಲವೆ ಕೆರೆದು, ತಿದ್ದಿ, ಹಿಂದುಮುಂದಾಗಿಸಿ ಬೇರೆ ಕೆಲಸಕ್ಕೆ ಹಚ್ಚುವುದು. ಮುಂದೆ ಹೇಳುವ ಕಥೆಯೆಲ್ಲ ಈ ಎರಡು ದಾರಿಗಳಲ್ಲೇ ನಡೆಯುತ್ತದೆ.

ರೋಮ್‌ನಲ್ಲಿ ಗಣರಾಜ್ಯ ಹೋಗಿ ಚಕ್ರವರ್ತಿಗಳು ಬಂದ ಮೇಲೂ ಕಾನ್ಸಲ್ ಎಂಬ ಪದವಿ ಉಳಿದುಕೊಂಡಿತ್ತು. ಅಧಿಕಾರವೆಲ್ಲ ಸೋರಿಹೋಗಿತ್ತು, ಗೌರವ ಮಾತ್ರ ಇತ್ತು. ವರ್ಷಕ್ಕೆ ಇಬ್ಬರು ಕಾನ್ಸಲರು. ಜನವರಿ 1ರಂದು ಪದವಿ ಸ್ವೀಕಾರ. ಆ ವರ್ಷಕ್ಕೆ ಅವರದೇ ಹೆಸರು. ನಮ್ಮ ಶಾಸನಗಳಲ್ಲಿ ಶಕವರ್ಷದ ಜೊತೆಗೆ ಪ್ರಭವ, ವಿಭವ ಎಂದು ಸಂವತ್ಸರದ ಹೆಸರು ಬರುತ್ತದಲ್ಲ, ಅವರಲ್ಲಿ ಆ ಜಾಗಕ್ಕೆ ‘ಇಂಥಿಂಥವರು ಕಾನ್ಸಲರಾಗಿದ್ದಾಗ’ ಎಂಬ ಮಾತು ಬರುತ್ತಿತ್ತು. ಮನುಷ್ಯನೊಬ್ಬ ಪಂಚಾಂಗದೊಳಗೇ ಸೇರಿಹೋಗುವ ಗೌರವ ಇದು. ಕೈಯಲ್ಲಿ ಒಂದು ಸೈನ್ಯವೂ ಇಲ್ಲದ ಪದವಿಗಾಗಿ ಶ್ರೀಮಂತರು ಆಸ್ತಿ ಕರಗಿಸುತ್ತಿದ್ದುದು ಯಾಕೆ ಅಂತ ಈಗ ಅರ್ಥವಾಗುತ್ತದೆ.

ಪದವಿಗೆ ಬಂದವನು ಜನರಿಗೆ ರಥದ ಓಟ, ಮೃಗಗಳ ಕಾಳಗ ಏರ್ಪಡಿಸಬೇಕು. ದೊಡ್ಡವರಿಗೆ ಕಾಣಿಕೆ ಕಳಿಸಬೇಕು. ಆ ಕಾಣಿಕೆಗಳಲ್ಲಿ ಮೇಲ್ದರ್ಜೆಯದು ದಂತದ ಡಿಪ್ಟಿಕ್. ಗ್ರೀಕಿನಲ್ಲಿ ಇದಕ್ಕೆ ‘ಎರಡು ಮಡಿಕೆಯದು’ ಎಂದರ್ಥ. ನಾನಿಲ್ಲಿ ಜೋಡಿಹಲಗೆ ಎನ್ನುತ್ತೇನೆ. ಒಂದೊಂದು ಹಲಗೆಯೂ ಸುಮಾರು 36 ಸೆಂಟಿಮೀಟರ್ ಎತ್ತರ, 13 ಸೆಂಟಿಮೀಟರ್ ಅಗಲ. ಎರಡನ್ನೂ ಕೀಲಿನಿಂದ ಜೋಡಿಸಿ ನಮ್ಮ ಕಡತದ ಹಾಗೆ ಮಡಿಸುವುದು. ಒಳಮುಖದಲ್ಲಿ ತುಸು ತಗ್ಗು ಮಾಡಿ ಮೇಣ ತುಂಬುತ್ತಿದ್ದರು, ಮೊನೆಯ ಕಡ್ಡಿಯಿಂದ ಅದರ ಮೇಲೆ ಬರೆಯಬಹುದು. ಹೊರಮುಖದಲ್ಲಿ ಕಾನ್ಸಲನ ಚಿತ್ರ. ಅಗಲ ಯಾಕೆ ಇಷ್ಟೇ ಎಂದರೆ, ಆನೆಯ ದಂತದ ದಪ್ಪವೇ ಅಷ್ಟು. ಸಾಮ್ರಾಜ್ಯದ ಅತಿ ಎತ್ತರದ ಗೌರವದ ಚಿತ್ರವು ಹೀಗೆ ಉದ್ದುದ್ದಕ್ಕೆ, ಕಿರಿದಾಗಿ, ಭುಜ ಒತ್ತಿಕೊಂಡು ಕೂತಿರುವುದಕ್ಕೆ ಕಾರಣ ಒಂದು ಪ್ರಾಣಿಯ ಹಲ್ಲಿನ ಅಳತೆ!

ಇದಕ್ಕಾಗಿ ಪೈಪೋಟಿ ಎಷ್ಟಿತ್ತೆಂದರೆ, 384ರಲ್ಲಿ ಒಂದು ಕಾಯಿದೆಯೇ ಬಂತು: ವರ್ಷಕ್ಕೆ ಹೆಸರು ಕೊಡುವ ಕಾನ್ಸಲರ ಹೊರತು ಬೇರಾವ ಅಧಿಕಾರಿಯೂ ದಂತದ ಜೋಡಿಹಲಗೆಯನ್ನು ಕಾಣಿಕೆ ಕೊಡಕೂಡದು. ಕಾಯಿದೆಯನ್ನು ಎಲ್ಲರೂ ಪಾಲಿಸಿದರೇ? ಕಾನ್ಸಲರಲ್ಲದವರ ಹಲಗೆಗಳೂ ನಮಗೆ ಸಿಕ್ಕಿವೆ, ಅಷ್ಟು ಹೇಳಿದರೆ ಸಾಕು.

517ರ ಕಾನ್ಸಲ್ ಅನಸ್ತಾಸಿಯಸ್‌ನ ಜೋಡಿಹಲಗೆಯೊಂದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದರ ಚಿತ್ರವನ್ನು ಎಲ್ಲಾದರೂ ಸಿಕ್ಕರೆ ನಿಧಾನವಾಗಿ ನೋಡಿ. ಮೈತುಂಬ ಕಸೂತಿ ತುಂಬಿದ ಉಡುಪು. ಎಡಗೈಯಲ್ಲಿ ರಾಜದಂಡ. ಮೇಲೆತ್ತಿದ ಬಲಗೈಯಲ್ಲಿ ಒಂದು ಬಟ್ಟೆಯ ಗಂಟು. ಅದನ್ನು ಕೆಳಕ್ಕೆ ಎಸೆದರೆ ರಥದ ಓಟ ಶುರು. ನೆತ್ತಿಯ ಮೇಲೆ ಗೋಪುರದಂಥ ಅಲಂಕಾರ, ಅದರಲ್ಲಿ ದುಂಡು ಚೌಕಟ್ಟಿನೊಳಗೆ ಚಕ್ರವರ್ತಿ ದಂಪತಿಗಳ ಪುಟ್ಟ ಮುಖಗಳು. ಕಾಲ ಕೆಳಗೆ ಆಟದ ನೋಟ. ಮುಖದಲ್ಲಿ ಯಾವ ಭಾವವೂ ಇಲ್ಲ. ಬಟ್ಟೆ ಬೀಳುವ ಮುಂಚಿನ ಒಂದು ಕ್ಷಣವನ್ನು ಹಿಡಿದು ನಿಲ್ಲಿಸಿದ್ದಾರೆ, ಅದು ಇಂದಿಗೂ ಬಿದ್ದಿಲ್ಲ. ಈತ ಚಕ್ರವರ್ತಿ ಅನಸ್ತಾಸಿಯಸ್‌ನ ಹತ್ತಿರದ ಸಂಬಂಧಿ, ಹೆಸರೂ ಅದೇ.

541ರಲ್ಲಿ ಬೆಸಿಲಿಯಸ್ ಎಂಬವನೊಂದಿಗೆ ಈ ಪದವಿಗೆ ಸಾಮಾನ್ಯ ಪ್ರಜೆಗಳನ್ನು ನೇಮಿಸುವುದು ನಿಂತುಹೋಯಿತು. ಹಲಗೆ ಕೆತ್ತಿಸುವುದೂ ನಿಂತಿತು. ಸ್ಮಾರಕದ ದೃಷ್ಟಿಯಿಂದ ನೋಡಿದರೆ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ.

ಕ್ರೈಸ್ತ ದೇವಾಲಯಗಳಲ್ಲಿ ಪೂಜೆಯ ನಡುವೆ ಬದುಕಿರುವ ಭಕ್ತರ, ಬಿಷಪ್ಪರ, ಗತಿಸಿದವರ ಹೆಸರುಗಳನ್ನು ಗಟ್ಟಿಯಾಗಿ ಓದುವ ರೂಢಿಯಿತ್ತು. ಆ ಪಟ್ಟಿಯನ್ನು ಬರೆದಿಡಲು ಮಡಿಸುವ ಹಲಗೆ ಬೇಕು. ಹಳೆಯ ಕಾನ್ಸಲರ ಹಲಗೆಗಳು ಸಿದ್ಧವಾಗಿಯೇ ಇದ್ದವು. ಹೊರಗೆ ಬಟ್ಟೆಗಂಟು ಹಿಡಿದ ಶ್ರೀಮಂತ ಇದ್ದರೇನು, ಒಳಗಿನ ಖಾಲಿ ಜಾಗ ಪಾವನವೇ ತಾನೆ? ಹೀಗೆ ಅವು ದೇವಾಲಯ ಸೇರಿದವು, ಸೇರಿದ್ದರಿಂದಲೇ ಉಳಿದವು. ಕ್ರಮೇಣ ‘ಡಿಪ್ಟಿಕ್’ ಎಂಬ ಮಾತಿಗೇ ‘ಹೆಸರುಗಳ ಪಟ್ಟಿ’ ಎಂಬ ಅರ್ಥ ಬಂತು. ಪಟ್ಟಿಯಿಂದ ಹೆಸರು ತೆಗೆದರೆ ಧರ್ಮದಿಂದ ಹೊರಹಾಕಿದಂತೆ. 518ರಲ್ಲಿ ಚಕ್ರವರ್ತಿ ಅನಸ್ತಾಸಿಯಸ್ ಸತ್ತ. ಧರ್ಮಜಿಜ್ಞಾಸೆಯ ಒಂದು ಜಗಳದಲ್ಲಿ ಅವನು ತಪ್ಪು ಪಕ್ಷ ಹಿಡಿದಿದ್ದನೆಂದು 519ರಲ್ಲಿ ಅವನ ಹೆಸರನ್ನು ಡಿಪ್ಟಿಕ್‌ಗಳಿಂದ ಹೊಡೆದುಹಾಕಿದರು. ಅವನ ಮುಖವೇನೋ ಎರಡು ವರ್ಷ ಹಿಂದೆ ಕೆತ್ತಿದ ದಂತದಲ್ಲಿ ಸಂಬಂಧಿಕನ ತಲೆಯ ಮೇಲೆ ಹಾಗೆಯೇ ಇತ್ತು. ಹೊರಗೆ ಕೆತ್ತಿದ ಮುಖಕ್ಕಿಂತ ಒಳಗೆ ಓದುವ ಹೆಸರಿಗೆ ಬೆಲೆ ಬಂದ ಕಾಲ ಅದು.

487ರ ಕಾನ್ಸಲ್ ಬೊಯಿಥಿಯಸ್‌ನ ಹಲಗೆ ಇಟಲಿಯ ಬ್ರೆಷಾ ನಗರದಲ್ಲಿದೆ. (ಸೆರೆಮನೆಯಲ್ಲಿ ಕೂತು ತತ್ತ್ವಶಾಸ್ತ್ರದ ಸಾಂತ್ವನವನ್ನು ಬರೆದು ಮರಣದಂಡನೆಗೆ ಗುರಿಯಾದ ದಾರ್ಶನಿಕ ಬೊಯಿಥಿಯಸ್ ಇವನ ಮಗ.) ಅದರ ಒಳಮುಖದಲ್ಲಿ ಮುಂದಿನವರು ಬಣ್ಣದ ಚಿತ್ರ ಬರೆಸಿದ್ದಾರೆ: ಸತ್ತ ಲಾಜರಸ್‌ನನ್ನು ಏಸು ಎಬ್ಬಿಸುವುದು, ಮೂವರು ಧರ್ಮಗುರುಗಳು. ಪ್ರಾರ್ಥನೆಯಲ್ಲಿ ನೆನೆಯಬೇಕಾದವರ ಹೆಸರುಗಳೂ ಇವೆ. 513ರ ಕಾನ್ಸಲ್ ಕ್ಲೆಮೆಂಟಿನಸ್‌ನ ಹಲಗೆ ಈಗ ಲಿವರ್‌ಪೂಲಿನಲ್ಲಿದೆ. ಅದರ ಒಳಗೆ ಎಂಟನೆಯ ಶತಮಾನದವರು ಗ್ರೀಕಿನಲ್ಲಿ ಪ್ರಾರ್ಥನೆ ಕೆತ್ತಿದ್ದಾರೆ. ಇಟಲಿಯ ಮೊನ್ಝಾ ದೇವಾಲಯದಲ್ಲಿರುವ ಒಂದು ಜೋಡಿಯಲ್ಲಂತೂ ಕಾನ್ಸಲನ ಭಂಗಿ, ಕಾನ್ಸಲನ ಉಡುಪು ಎಲ್ಲ ಇದೆ. ಹೆಸರು ಮಾತ್ರ ಒಂದು ಕಡೆ ದಾವೀದ ರಾಜ, ಇನ್ನೊಂದು ಕಡೆ ಸಂತ ಗ್ರೆಗರಿ!

ನನಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ‘ಬಾರ್ಬೆರಿನಿ ದಂತ’. ಇದು ಕಾನ್ಸಲನದಲ್ಲ, ಚಕ್ರವರ್ತಿಯದು. ಹಲವು ತುಂಡುಗಳನ್ನು ಕೂಡಿಸಿ ಮಾಡಿದ ದೊಡ್ಡ ಫಲಕ. ನಡುವೆ ಕುದುರೆಯೇರಿದ ಚಕ್ರವರ್ತಿ, ನೆಲಕ್ಕೆ ಊರಿದ ಈಟಿ, ಮೇಲೆ ದೇವದೂತರ ನಡುವೆ ಕ್ರಿಸ್ತ. ಎಷ್ಟು ವೈಭವವಿದ್ದರೇನು, ಈ ಚಕ್ರವರ್ತಿ ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಚರ್ಚೆಯಿದೆ. ಜಸ್ಟಿನಿಯನ್ ಎನ್ನುವವರು ಬಹಳ, ಅನಸ್ತಾಸಿಯಸ್ ಎನ್ನುವವರೂ ಇದ್ದಾರೆ. ಹಲಗೆಯನ್ನು ತಿರುವಿದರೆ ಹಿಂಬದಿಯಲ್ಲಿ ಏಳನೆಯ ಶತಮಾನದಲ್ಲಿ ಶಾಯಿಯಿಂದ ಬರೆದ ಹೆಸರುಗಳ ಪಟ್ಟಿ: ಫ್ರಾಂಕ್ ರಾಜರು ಮತ್ತಿತರರು, ಚರ್ಚಿನಲ್ಲಿ ಓದಬೇಕಾದವರು. ಯಾರಿಗಾಗಿ ದಂತವನ್ನು ಕೆತ್ತಿದರೋ ಅವನ ಹೆಸರು ಹೋಯಿತು. ಬೆನ್ನಿಗೆ ಶಾಯಿಯಲ್ಲಿ ಗೀಚಿದವರ ಹೆಸರು ಉಳಿಯಿತು.

ಅದೇ ಫಲಕದ ತಳದ ಪಟ್ಟಿಯಲ್ಲಿ ಕಪ್ಪಕಾಣಿಕೆ ತರುತ್ತಿರುವ ಪರದೇಶದವರ ಸಾಲು ಇದೆ. ಬಲಗಡೆಯವರನ್ನು ಭಾರತೀಯರೆಂದು ಗುರುತಿಸುತ್ತಾರೆ. ಜೊತೆಗೆ ಒಂದು ಹುಲಿ, ಒಂದು ಪುಟ್ಟ ಆನೆ. ಒಬ್ಬನ ಕೈಯಲ್ಲಿ ಒಂದು ದಂತ! ತಾನು ಎಲ್ಲಿಂದ ಬಂದೆನೆಂದು ದಂತವೇ ಹೇಳಿಕೊಂಡಂತಿದೆ. ನಾಲ್ಕೈದು ಬೆರಳಿನ ಜಾಗ, ಅದೂ ಕುದುರೆಯ ಗೊರಸಿಗಿಂತ ಕೆಳಗೆ.

ರೋಮ್‌ನವರಿಗೆ ದಂತ ಹೊರಗಿನಿಂದ ತರಿಸಿದ ಬೆಲೆಬಾಳುವ ಪದಾರ್ಥ, ಅಷ್ಟೆ. ಆನೆ ಅವರ ಕಾಡಿನದಲ್ಲ. ಆನೆ ತಮ್ಮದೇ ಕಾಡಿನದಾಗಿದ್ದ ಜನ ಸ್ಮಾರಕಕ್ಕೆ ದಂತವನ್ನು ಹೇಗೆ ಬಳಸಿದರು ಎಂದು ನೋಡಬೇಕಾದರೆ ಬೆನಿನ್‌ಗೆ ಹೋಗಬೇಕು. ಈಗ ಬೆನಿನ್ ಎಂಬ ಹೆಸರಿನ ದೇಶ ಬೇರೆ. ನಾನು ಹೇಳುತ್ತಿರುವುದು ಇಂದಿನ ನೈಜೀರಿಯದ ದಕ್ಷಿಣದಲ್ಲಿರುವ ಬೆನಿನ್ ನಗರದ, ಎಡೊ ಜನರ ರಾಜ್ಯ. ಅಲ್ಲಿಯ ಅರಸನಿಗೆ ‘ಓಬಾ’ ಎಂದು ಹೆಸರು. ರಾಜ್ಯದಲ್ಲಿ ಆನೆ ಬಿದ್ದರೆ ಎರಡು ದಂತಗಳಲ್ಲಿ ಒಂದು ಓಬಾನಿಗೆ ಸಲ್ಲಬೇಕು. ಇನ್ನೊಂದನ್ನು ಕೊಳ್ಳುವ ಮೊದಲ ಹಕ್ಕೂ ಅವನದೇ. ದಂತ ಕೆತ್ತುವವರದು ‘ಇಗ್ಬೆಸಾನ್ಮ್ವಾನ್’ ಎಂಬ ಪ್ರತ್ಯೇಕ ಶ್ರೇಣಿ, ಅರಮನೆಗೆ ಸೇರಿದ್ದು.

ಓಬಾ ಸತ್ತರೆ ಅವನ ಮಗ ತಂದೆಯ ಹೆಸರಿನಲ್ಲಿ ಒಂದು ಪೂಜಾಸ್ಥಾನ ನಿಲ್ಲಿಸುತ್ತಾನೆ. ಮಣ್ಣಿನ ಜಗುಲಿ, ಅದರ ಮೇಲೆ ಹಿತ್ತಾಳೆಯಲ್ಲಿ ಎರಕ ಹೊಯ್ದ ತಲೆಗಳು, ಒಂದೊಂದು ತಲೆಯ ನೆತ್ತಿಯಿಂದ ಮೇಲಕ್ಕೆ ಬಾಗಿ ನಿಂತ ಒಂದೊಂದು ಇಡೀ ದಂತ. ದಂತದ ಮೈಮೇಲೆ ಬುಡದಿಂದ ತುದಿಯವರೆಗೆ ಸಾಲುಸಾಲಾಗಿ ಆಕೃತಿಗಳು: ಅರಸರು, ಪರಿಚಾರಕರು, ಪೋರ್ಚುಗೀಸರು, ಚಿರತೆ, ನೆಲದಲ್ಲೂ ನೀರಲ್ಲೂ ಬದುಕುವ ಕೆಸರುಮೀನು. ವಂಶದ ಚರಿತ್ರೆಯನ್ನು ಬಲ್ಲವರು ಮಾತ್ರ ಓದಬಲ್ಲ ಬರಹ ಅದು. ನಮ್ಮ ವೀರಗಲ್ಲಿನ ಪಟ್ಟಿಕೆಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇವಲ್ಲ (ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ), ಆ ಅಭ್ಯಾಸವಿದ್ದವರಿಗೆ ಇದು ತೀರ ಅಪರಿಚಿತ ಎನ್ನಿಸದು.

ಈ ದಂತಗಳನ್ನು ಆಗಾಗ ತೊಳೆದು, ಹುಳಿಹಣ್ಣಿನ ರಸ ಹಚ್ಚಿ, ಬಿಳಿ ಸೀಮೆಸುಣ್ಣ ಬಳಿದು ಬೆಳ್ಳಗೆ ಇಡುತ್ತಿದ್ದರು. ಬಿಳುಪು ಅವರಲ್ಲಿ ಪಾವಿತ್ರ್ಯದ ಬಣ್ಣ, ಸಾಗರದ ಅಧಿದೈವ ಒಲೊಕುನ್‌ನ ಬಣ್ಣ. (ದಂತ ಚರ್ಮದ ಬಣ್ಣಕ್ಕೆ ಹತ್ತಿರ ಎಂದು ಯೂರೋಪಿನ ಪುಸ್ತಕಗಳಲ್ಲಿ ಓದುತ್ತೇವೆ. ಯಾರ ಚರ್ಮ ಅಂತ ಕೇಳಬೇಕು!) ಹೀಗೆ ತೊಳೆದೂ ತೊಳೆದೂ ಎಷ್ಟೋ ದಂತಗಳ ಕೆತ್ತನೆ ಸವೆದು ನುಣುಪಾಗಿದೆ, ನಿತ್ಯ ಅಭಿಷೇಕದಿಂದ ಕಣ್ಣುಮೂಗು ಸವೆದ ನಮ್ಮ ಉತ್ಸವಮೂರ್ತಿಯ ಹಾಗೆ. ಸಂಗ್ರಹಾಲಯದ ದೃಷ್ಟಿಯಲ್ಲಿ ಅದು ಹಾನಿ. ಪೂಜಿಸುವವರ ದೃಷ್ಟಿಯಲ್ಲಿ ಸವೆತವೇ ನೆನಪಿನ ಗುರುತು: ಇಷ್ಟು ಕೈಗಳು ಇದನ್ನು ಮುಟ್ಟಿವೆ, ಇಷ್ಟು ಸಲ ಇವನನ್ನು ನೆನೆದಿದ್ದಾರೆ.

ಬೆನಿನ್‌ನ ದಂತಗಳಲ್ಲಿ ಜಗತ್ಪ್ರಸಿದ್ಧವಾದುದು ಇಡಿಯಾ ಎಂಬ ರಾಜಮಾತೆಯ ಮುಖ. ಹದಿನಾರನೆಯ ಶತಮಾನದ ಆದಿಯಲ್ಲಿ ಆಳಿದ ಓಬಾ ಎಸಿಗಿಯೆ ತನ್ನ ತಾಯಿಗಾಗಿ ‘ಇಯೋಬಾ’, ಅಂದರೆ ರಾಜಮಾತೆ, ಎಂಬ ಪದವಿಯನ್ನೇ ಹೊಸದಾಗಿ ನಿರ್ಮಿಸಿದನೆಂದು ಪರಂಪರೆ ಹೇಳುತ್ತದೆ. ಯುದ್ಧದಲ್ಲಿ ಮಗನ ಬೆನ್ನಿಗೆ ನಿಂತು ಗೆಲ್ಲಿಸಿದವಳು ಆಕೆ. ಮುಖವಾಡ ಒಂದು ಗೇಣಿಗಿಂತ ತುಸು ಎತ್ತರ, ಸುಮಾರು 24 ಸೆಂಟಿಮೀಟರ್. ಕಣ್ಣಗೊಂಬೆಗೆ ಕಬ್ಬಿಣ ಕೂರಿಸಿದ್ದಾರೆ. ಹಣೆಯ ಮೇಲೆ ಎರಡು ಲಂಬ ಗೆರೆ. ಕಿರೀಟದ ಅಂಚಿನಲ್ಲಿ ಗಡ್ಡ ಬಿಟ್ಟ ಪೋರ್ಚುಗೀಸರ ಸಣ್ಣ ಸಣ್ಣ ತಲೆಗಳು. ಸಮುದ್ರದಾಚೆಯಿಂದ ಸಂಪತ್ತು ತಂದ ಆ ಬಿಳಿಯರನ್ನು ಒಲೊಕುನ್‌ನ ಲೋಕಕ್ಕೆ ಸೇರಿಸಿ ತಾಯಿಯ ತಲೆಗೆ ಆಭರಣ ಮಾಡಿದ್ದಾನೆ ಶಿಲ್ಪಿ. ಕೆನ್ನೆಯನ್ನು ತೀರ ತೆಳುವಾಗಿ ತೀಡಿದ್ದಾನೆ. ಕಾನ್ಸಲ್ ಅನಸ್ತಾಸಿಯಸ್ ಅಧಿಕಾರದ ಗೊಂಬೆ. ಇಡಿಯಾಳ ಮುಖದಲ್ಲಿ ಒಬ್ಬ ಹೆಂಗಸು ಯೋಚನೆ ಮಾಡುತ್ತಿದ್ದಾಳೆ. ಈ ಎರಡರಲ್ಲಿ ಯಾವುದು ದೊಡ್ಡ ಕಲೆ ಎಂದು ನನ್ನನ್ನು ಕೇಳಿದರೆ ಉತ್ತರಕ್ಕೆ ತಡವರಿಸುವುದಿಲ್ಲ. ತಾಯಿಯ ಸ್ಮರಣೆಯ ವಿಧಿಗಳಲ್ಲಿ ಓಬಾ ಇದನ್ನು ಮೈಮೇಲೆ ಧರಿಸುತ್ತಿದ್ದನೆಂದು ವಿದ್ವಾಂಸರ ಊಹೆ.

1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೈನ್ಯ ಬೆನಿನ್ ನಗರವನ್ನು ಹಿಡಿಯಿತು. ಅರಮನೆ ಸುಟ್ಟಿತು. ಓಬಾ ಓವೊನ್ರಮ್ವೆನ್‌ನನ್ನು ಕಲಾಬಾರ್‌ಗೆ ಗಡೀಪಾರು ಮಾಡಿದರು. 1914ರಲ್ಲಿ ಅಲ್ಲೇ ತೀರಿಕೊಂಡ. ಪೂಜಾಸ್ಥಾನಗಳ ಹಿತ್ತಾಳೆ, ದಂತ ಎಲ್ಲ ಲೂಟಿಯಾಯಿತು. ದಂಡಯಾತ್ರೆಯ ಖರ್ಚು ತುಂಬಿಕೊಳ್ಳಲೆಂದು ಅಧಿಕಾರಿಗಳು ಮಾರಿದ್ದು ಒಂದು ಪಾಲು, ಅವರವರು ಮನೆಗೆ ಒಯ್ದದ್ದು ಒಂದು ಪಾಲು. ಇಡಿಯಾಳ ಮುಖಗಳಲ್ಲಿ ಎರಡು, ಆ ಪ್ರಾಂತದ ಬ್ರಿಟಿಷ್ ಅಧಿಕಾರಿ ರಾಲ್ಫ್ ಮೂರ್‌ನ ಪಾಲಾದವು. ಅವನ ಹುದ್ದೆಯ ಹೆಸರು ಕಾನ್ಸಲ್ ಜನರಲ್! ಹಳೆಯ ಪದಗಳು ಎಲ್ಲೆಲ್ಲಿ ಹೋಗಿ ಕೂರುತ್ತವೆ ನೋಡಿ. ಒಂದು ಮುಖ 1910ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿತು. ಇನ್ನೊಂದು ಕೈ ಬದಲಾಗುತ್ತ ಹೋಗಿ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

1977ರಲ್ಲಿ ಲಾಗೋಸ್ ನಗರದಲ್ಲಿ ಕಪ್ಪು ಜನರ ಹಾಗೂ ಆಫ್ರಿಕದ ಕಲೆ-ಸಂಸ್ಕೃತಿಯ ದೊಡ್ಡ ಉತ್ಸವ ನಡೆಯಿತು. ಫೆಸ್ಟ್ಯಾಕ್ ಎಂದು ಅದರ ಹೆಸರು. ಉತ್ಸವದ ಲಾಂಛನವಾಗಿ ಆರಿಸಿದ್ದು ಇಡಿಯಾಳ ಮುಖವನ್ನೇ. ಉತ್ಸವದ ಮಟ್ಟಿಗೆ ಮೂಲವನ್ನು ಕಡವಾಗಿಯಾದರೂ ಕೊಡಿ ಎಂದು ನೈಜೀರಿಯ ಕೇಳಿತು. ದಂತ ಹಳೆಯದು, ಸೂಕ್ಷ್ಮ, ಪ್ರಯಾಣ ತಾಳಲಾರದು ಎಂಬ ಕಾರಣ ಕೊಟ್ಟು ಲಂಡನ್ ನಿರಾಕರಿಸಿತು. (1897ರ ಪ್ರಯಾಣವನ್ನು ಅದು ತಾಳಿತ್ತು.) ಬೆನಿನ್‌ನ ಕೆತ್ತನೆಗಾರರು ದಂತದಲ್ಲೇ ಹೊಸ ಪ್ರತಿಯನ್ನು ಮಾಡಿದರು. ಲಾಂಛನ ಬಟ್ಟೆಗಳ ಮೇಲೆ, ಪೋಸ್ಟರುಗಳ ಮೇಲೆ, ಅಂಚೆಚೀಟಿಯ ಮೇಲೆ ಊರೂರಿಗೆ ಹೋಯಿತು. ನಾನೂರೈವತ್ತು ವರ್ಷಗಳ ಹಿಂದಿನ ಒಬ್ಬ ತಾಯಿಯ ಮುಖ ಲಕ್ಷಾಂತರ ಜನರಿಗೆ ಪರಿಚಯವಾದದ್ದು ಆಗ.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ದಂತವನ್ನು ಕಾಪಾಡುವುದಕ್ಕೂ ನೆನಪನ್ನು ಕಾಪಾಡುವುದಕ್ಕೂ ವ್ಯತ್ಯಾಸವಿದೆ. ಗಾಜಿನ ಪೆಟ್ಟಿಗೆಯಲ್ಲಿ ತೇವಾಂಶ ಅಳೆದು, ಬೆಳಕು ಅಳೆದು ಇಟ್ಟ ಮುಖಕ್ಕೆ ಇನ್ನೂ ಐನೂರು ವರ್ಷ ಏನೂ ಆಗದು. ಆದರೆ ಅಲ್ಲಿ ಯಾರೂ ಅದನ್ನು ತೊಳೆಯುವುದಿಲ್ಲ, ಸುಣ್ಣ ಬಳಿಯುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ರೋಮ್‌ನ ಹಲಗೆಗಳಲ್ಲಿ ಆದದ್ದು ಇದರ ವಿರುದ್ಧ: ಅಲ್ಲಿ ಹೆಸರು ಕರೆಯುವ ಕೆಲಸ ನಿಲ್ಲಲಿಲ್ಲ, ಕರೆದ ಹೆಸರುಗಳು ಮಾತ್ರ ಬೇರೆಯವರವು. ‘ನಮ್ಮಲ್ಲಿ ಇಲ್ಲದಿದ್ದರೆ ಇವು ಉಳಿಯುತ್ತಲೇ ಇರಲಿಲ್ಲ’ ಎಂಬ ವಾದವನ್ನು ದೊಡ್ಡ ಸಂಗ್ರಹಾಲಯಗಳ ಪರವಾಗಿ ಕೇಳುತ್ತೇವೆ. ಉಳಿಯುವುದು ಎಂದರೆ ಏನು ಎಂಬುದೇ ಪ್ರಶ್ನೆಯಾಗಿರುವಾಗ ಆ ವಾದ ಅರ್ಧ ಉತ್ತರ. 2022ರಲ್ಲಿ ಜರ್ಮನಿ ತನ್ನಲ್ಲಿದ್ದ ಬೆನಿನ್ ಕೃತಿಗಳ ಒಡೆತನವನ್ನು ನೈಜೀರಿಯಕ್ಕೆ ಒಪ್ಪಿಸುವ ಒಪ್ಪಂದ ಮಾಡಿ ಕೆಲವನ್ನು ಹಿಂದಿರುಗಿಸಿತು. 2025ರಲ್ಲಿ ನೆದರ್ಲೆಂಡ್ಸ್ 119 ಕೃತಿಗಳನ್ನು ಕೊಟ್ಟಿತು. ಬ್ರಿಟಿಷ್ ಮ್ಯೂಸಿಯಂ ಮಾತ್ರ 1963ರ ತನ್ನ ಕಾಯಿದೆಯನ್ನು ಮುಂದೆ ಮಾಡುತ್ತದೆ. ಇಡಿಯಾ ಲಂಡನ್ನಿನಲ್ಲೇ ಇದ್ದಾಳೆ.

ಇನ್ನು ಕೆತ್ತಿದವರ ಮಾತು. ಕಾನ್ಸಲರ ಹಲಗೆಗಳ ಮೇಲೆ ಕಾನ್ಸಲನ ಉದ್ದುದ್ದ ಹೆಸರಿದೆಯೇ ಹೊರತು ಉಳಿ ಹಿಡಿದವನದಿಲ್ಲ. ಈ ವಿಷಯದಲ್ಲಿ ನಮ್ಮ ದೇಶದ ಒಂದು ಉದಾಹರಣೆ ಅಪರೂಪದ್ದು. ಸಾಂಚಿಯ ಮಹಾಸ್ತೂಪದ ದಕ್ಷಿಣ ತೋರಣದ ಮೇಲೆ ಬ್ರಾಹ್ಮಿ ಲಿಪಿಯ ಒಂದು ಪುಟ್ಟ ಪ್ರಾಕೃತ ಶಾಸನವಿದೆ. ವಿದಿಶೆಯ ದಂತಕಾರರು ಈ ಕೆತ್ತನೆ ಮಾಡಿದರು ಎಂದು ಅದರ ತಾತ್ಪರ್ಯ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಮಾತು. ಆ ತೋರಣದ ಒತ್ತಾದ, ಸಣ್ಣ ಸಣ್ಣ ಆಕೃತಿಗಳನ್ನು ನೋಡಿದರೆ ಇದು ದಂತ ಕೆತ್ತಿ ಪಳಗಿದ ಕೈ ಎಂದು ಒಪ್ಪಿಕೊಳ್ಳಬೇಕೆನಿಸುತ್ತದೆ. ಆದರೆ ವಿದಿಶೆಯ ಆ ಜನ ದಂತದಲ್ಲಿ ಮಾಡಿದ್ದೇನು ಎಂದು ಹುಡುಕಹೊರಟರೆ, ಖಚಿತವಾಗಿ ಅವರದೆಂದು ತೋರಿಸುವಂಥದು ಒಂದೂ ಇಲ್ಲ. ಭಾರತದಲ್ಲಿ ಕೆತ್ತಿದ ಒಂದು ಹೆಣ್ಣಿನ ದಂತಮೂರ್ತಿ 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೈ ನಗರದಲ್ಲಿ 1938ರಲ್ಲಿ ಸಿಕ್ಕಿತು. ಅದನ್ನು ಕೆತ್ತಿದವರು ಯಾರೆಂಬುದಕ್ಕೂ ಶಾಸನವಿಲ್ಲ. ದಂತಕಾರರನ್ನು ನೆನಪಿನಲ್ಲಿಟ್ಟದ್ದು ಕಲ್ಲು.

ಮುಂಬಯಿಯಲ್ಲಿ ಓದುವ ನಮಗೆ ಇದರಲ್ಲಿ ಇನ್ನೊಂದು ನಂಟೂ ಇದೆ. 19ನೆಯ ಶತಮಾನದಲ್ಲಿ ಪೂರ್ವ ಆಫ್ರಿಕದ ದಂತ ಜಂಜಿಬಾರಿನಿಂದ ಹಡಗೇರಿ ಬರುತ್ತಿದ್ದದ್ದು ಈ ಊರಿನ ಬಂದರಿಗೆ. ಕಚ್ಛಿ, ಗುಜರಾತಿ ವರ್ತಕರ ವ್ಯಾಪಾರ. ಒಂದಷ್ಟು ಮುಂದೆ ಲಂಡನ್ನಿಗೆ ಹೋಗುತ್ತಿತ್ತು. ಉಳಿದದ್ದು ಬಹುಪಾಲು ಬಳೆಯಾಗುತ್ತಿತ್ತು. ಗುಜರಾತ, ರಾಜಸ್ಥಾನಗಳ ಕಡೆ ಮದುವೆಯಲ್ಲಿ ದಂತದ ಬಳೆ ತೊಡಿಸುತ್ತಿದ್ದರು. ಗಂಡ ಸತ್ತರೆ ಆ ಬಳೆ ಒಡೆಯಬೇಕು. ಮುತ್ತೈದೆಯಾಗಿಯೇ ಸತ್ತರೆ ಅವಳ ಜೊತೆ ಚಿತೆಗೆ. ತಾಯಿಯ ಬಳೆ ಮಗಳಿಗೆ ಬರುವ ಹಾಗಿಲ್ಲ. ಒಂದು ಮದುವೆಗೆ ಒಂದು ಜೋಡಿ ದಂತ, ಒಂದು ಸಾವಿಗೆ ಅದು ನಾಶ. ನೆನಪಿಗಾಗಿ ಕೆತ್ತಿದ ದಂತದ ಪಕ್ಕದಲ್ಲಿ ಇದನ್ನೂ ಇಟ್ಟು ನೋಡಬೇಕು. ನಮ್ಮ ದೇಶಕ್ಕೆ ಬಂದು ಇಳಿದ ಅಷ್ಟೊಂದು ದಂತದ ಬಹುಭಾಗ ಯಾರ ಹೆಸರನ್ನೂ ಹೊರಲಿಲ್ಲ.

ಮತ್ತೆ ಆನೆ? ಬಾರ್ಬೆರಿನಿ ಫಲಕದ ಮೂಲೆಯ ಆ ಪುಟ್ಟ ಆನೆಯನ್ನು ಬಿಟ್ಟರೆ ಇಷ್ಟೆಲ್ಲ ಸ್ಮಾರಕಗಳಲ್ಲಿ ನಾನು ಅದನ್ನು ಕಾಣಲಿಲ್ಲ. ಕನ್ನಡದ ವಿದ್ಯಾರ್ಥಿಯಾದವನಿಗೆ ಇಲ್ಲಿ ಆತಕೂರಿನ ಕಲ್ಲು ನೆನಪಾಗದೆ ಇರದು. ಸುಮಾರು 950ರ ಶಾಸನ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರನಿಗೆ ಏನು ಬೇಕೆಂದು ಅರಸ ಕೇಳಿದಾಗ ಅವನು ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಕಾದಾಡಿ ಹಂದಿಯೂ ನಾಯಿಯೂ ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟರು. ಮೇಲ್ಭಾಗದಲ್ಲಿ ಎರಡೂ ಪ್ರಾಣಿಗಳು ಇಂದಿಗೂ ಕಾದಾಡುತ್ತಿವೆ, ನಾಯಿಯ ಹೆಸರೂ ಓದಲು ಬರುವಂತಿದೆ.

ದಂತದ ವ್ಯಾಪಾರ ಈಗ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಬಂದ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರ ನಿಂತಿತು, 1991ರ ತಿದ್ದುಪಡಿಯಿಂದ ಆಮದಾದ ಆಫ್ರಿಕದ ದಂತದ್ದೂ ನಿಂತಿತು. ಅಂತರರಾಷ್ಟ್ರೀಯ ನಿಷೇಧ ಬಂದದ್ದು 1989ರ ತೀರ್ಮಾನದಿಂದ. ಅದೇ ವರ್ಷ ಕೀನ್ಯಾದ ಅಧ್ಯಕ್ಷರು ವಶಪಡಿಸಿಕೊಂಡ 12 ಟನ್ ದಂತವನ್ನು ನೈರೋಬಿಯಲ್ಲಿ ಸಾರ್ವಜನಿಕವಾಗಿ ಸುಡಿಸಿದರು; 2016ರಲ್ಲಿ ಅಲ್ಲೇ 105 ಟನ್ ಸುಟ್ಟರು. ಅಷ್ಟಾದರೂ ಕಳ್ಳಬೇಟೆ ನಿಂತಿತೇ ಅಂದರೆ, ನಮ್ಮ ಗಡಿಕಾಡುಗಳಲ್ಲಿ ಏನಾಯಿತೆಂದು ‘ದಂತಚೋರ’ ಎಂದೇ ಪತ್ರಿಕೆಗಳಲ್ಲಿ ಹೆಸರಾದ ವೀರಪ್ಪನ್ ಸಾಯುವ 2004ರವರೆಗಿನ ಸುದ್ದಿಗಳನ್ನು ಓದಿದವರಿಗೆ ಗೊತ್ತು.

ಮೈಸೂರಿನಲ್ಲಿ ಬೀಟೆಮರದೊಳಗೆ ದಂತ ಕೂರಿಸುವ ಕಸಬು ಹಳೆಯದು. ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ಅದನ್ನು ಈಗಲೂ ನೋಡಬಹುದು. ನಿಷೇಧ ಬಂದ ಮೇಲೆ ಆ ಕಸಬಿನವರು ದಂತದ ಜಾಗಕ್ಕೆ ಬಿಳಿ ಪ್ಲಾಸ್ಟಿಕ್ಕನ್ನೂ ತಿಳಿ ಬಣ್ಣದ ಮರಗಳನ್ನೂ ತಂದುಕೊಂಡರು. ರಜೆಗೆ ಊರಿಗೆ ಹೋದಾಗ ಎರಡನ್ನೂ ಹೋಲಿಸಿ ನೋಡಿ. ದೂರದಿಂದ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ಹತ್ತಿರ ಹೋಗಿ, ಬೆಳಕಿಗೆ ಓರೆಯಾಗಿ ನಿಂತು ನೋಡಬೇಕು: ಹಳೆಯದರಲ್ಲಿ ನೀರಿನ ಅಲೆಯಂಥ ಆ ತೆಳು ಎಳೆಗಳಿರುತ್ತವೆ, ಪ್ಲಾಸ್ಟಿಕ್ಕಿನಲ್ಲಿ ಇರುವುದಿಲ್ಲ.